ಹಾಲು ಉಕ್ಕಿತು, ನೆಟ್ಟು ಬರಲಿಲ್ಲ

ಎರಡು ತಿಂಗಳಿಂದ ಇಲ್ಲಿ ಏನೂ ಬರೆದಿರಲಿಲ್ಲ. ಮನೆ ಬದಲಿಸಿದೆವು, ಅದೇ ಕಾರಣ. ಬಸವೇಶ್ವರನಗರದ ಬಾಡಿಗೆ ಮನೆಯಿಂದ ಕೆಂಗೇರಿ ಉಪನಗರದ ಬಾಡಿಗೆ ಮನೆಗೆ. ಬೆಂಗಳೂರಲ್ಲಿ ಬಾಡಿಗೆಗೆ ಇರೋರಿಗೆ ಇದೇನು ಹೊಸದಲ್ಲ ಬಿಡಿ. ಹನ್ನೊಂದು ತಿಂಗಳ ಅಗ್ರಿಮೆಂಟು, ಖಾಲಿ ಮಾಡುವಾಗ ಪೇಂಟಿಂಗಿಗೆ ಅಂತ ಅಡ್ವಾನ್ಸಲ್ಲಿ ಮುರಿದುಕೊಳ್ಳೋದು, ಎಲ್ಲಾ ಅಭ್ಯಾಸವಾಗಿದೆ. ಹಾಲಿನವರು, ಪೇಪರಿನವರು, ಗ್ಯಾಸಿನವರು, ಎಲ್ಲರ ಲೆಕ್ಕವೂ ಎರಡು ದಿನದಲ್ಲಿ ಮುಗಿಯಿತು. ಈ ಸಲ ಆಟ ಆಡಿಸಿದ್ದು ಮಾತ್ರ ಇಂಟರ್ನೆಟ್ಟು.

ನಮಗೆಲ್ಲ ಮೊಬೈಲಿನ ಅಭ್ಯಾಸ ನೋಡಿ. 2011ರ ಜನವರಿ 20ರಿಂದ ದೇಶದ ಎಲ್ಲಾ ಕಡೆ ನಂಬರ್ ಪೋರ್ಟಬಿಲಿಟಿ ಬಂತು. ಕಂಪನಿ ಬದಲಾದರೂ ನಂಬರು ನಮ್ಮದೇ, ಊರು ಬದಲಾದರೂ ನಮ್ಮದೇ. ಮನೆಯ ನೆಟ್ಟು ಹಾಗಲ್ಲ. ಬಿಲ್ಲು ನಮ್ಮ ಹೆಸರಲ್ಲಿ ಬಂದರೂ ಕನೆಕ್ಷನ್ ಇರೋದು ಆ ಗೋಡೆಗೆ. ನಾವು ಹೊರಟರೆ ಅದು ಅಲ್ಲೇ ಉಳಿಯುತ್ತೆ. ‘ಶಿಫ್ಟಿಂಗ್’ ಅಂತ ಕಂಪನಿಗಳು ಹೇಳೋದು ನಿಜಕ್ಕೂ ಹೊಸ ಜಾಗದಲ್ಲಿ ಹೊಸದಾಗಿ ಎಳೆಯೋದನ್ನೇ, ಖಾತೆ ಮಾತ್ರ ಹಳೇದು.

ನಾವು ಮೂರು ವಾರ ಮುಂಚೆಯೇ ಕಂಪನಿಗೆ ಫೋನ್ ಮಾಡಿದ್ದೆವು (ಹೆಸರು ಬೇಡ, ಈಗ ಜಗಳ ಮುಗಿದಿದೆ). ವಿಳಾಸ ಕೇಳಿದರು, ಪಿನ್‌ಕೋಡ್ ಒತ್ತಿದರು, ‘ಸಿಗುತ್ತೆ ಸರ್, ಮೂರು ದಿನದಲ್ಲಿ’ ಅಂದರು, ಶಿಫ್ಟಿಂಗ್ ದುಡ್ಡೂ ಕಟ್ಟಿಸಿಕೊಂಡರು. ಹೊಸ ಮನೆಯಲ್ಲಿ ಹಾಲು ಉಕ್ಕಿಸಿದ ಮಧ್ಯಾಹ್ನ ಒಬ್ಬ ಹುಡುಗ ಬಂದ. ಬೀದಿಯ ಕಂಬ ಹತ್ತಿ ಪೆಟ್ಟಿಗೆ ತೆಗೆದು ನೋಡಿದ. ‘ಬಾಕ್ಸ್ ಫುಲ್ ಸರ್’ ಅಂದು ಇಳಿದ.

ಆ ಪೆಟ್ಟಿಗೆಯ ಕಥೆ ಅವನೇ ಹೇಳಿದ್ದು. ಕಂಪನಿಯ ಕಡೆಯಿಂದ ಬರೋ ಫೈಬರ್ ಎಳೆ ಒಂದೇ. ಸ್ಪ್ಲಿಟರ್ ಅನ್ನೋ ಪುಟ್ಟ ಸಾಧನದಲ್ಲಿ ಅದರ ಬೆಳಕನ್ನು 32 ಮನೆಗೋ 64 ಮನೆಗೋ ಹಂಚುತ್ತಾರೆ. ಅಷ್ಟೂ ಕಿಂಡಿ ತುಂಬಿದರೆ ಮುಗೀತು. ಇನ್ನೊಂದು ಸ್ಪ್ಲಿಟರ್ ಹಾಕೋವರೆಗೆ, ಪಕ್ಕದ ಮನೆಯಲ್ಲಿ ಅದೇ ಕಂಪನಿಯ ನೆಟ್ಟು ಓಡ್ತಾ ಇದ್ದರೂ ನಮಗಿಲ್ಲ! ಕಾಲ್ ಸೆಂಟರಿನ ಕಂಪ್ಯೂಟರಿಗೆ ಪಿನ್‌ಕೋಡ್ ಗೊತ್ತು, ಕಂಬದ ಮೇಲಿನ ಪೆಟ್ಟಿಗೆ ಗೊತ್ತಿಲ್ಲ.

ಅಲ್ಲಿಂದ ಶುರುವಾಯ್ತು, ‘ನಾಳೆ ಸರ್’. ಹದಿನಾರು ನಾಳೆಗಳು.

ನನ್ನ ಕೆಲಸ ಆಫೀಸಲ್ಲಿ, ತೊಂದರೆ ಇಲ್ಲ. ಹೆಂಡತಿ ವಾರಕ್ಕೆ ಮೂರು ದಿನ ಮನೆಯಿಂದಲೇ ಕೆಲಸ ಮಾಡ್ತಾಳೆ. ಕೆಳಗಿನ ಮನೆ, ಸುತ್ತ ಕಟ್ಟಡ, ಮೊಬೈಲ್ ಸಿಗ್ನಲ್ ಅಡುಗೆಮನೆ ಕಿಟಕಿ ಹತ್ತಿರ ಮಾತ್ರ. ಕುಕ್ಕರ್ ಪಕ್ಕದಲ್ಲೇ ಲ್ಯಾಪ್‌ಟಾಪ್ ಇಟ್ಟು ಮೀಟಿಂಗು. ಅದನ್ನೂ ನಕ್ಕು ಸಹಿಸಬಹುದಿತ್ತು. ಸಹಿಸೋಕೆ ಆಗದಿದ್ದುದು ಅಮ್ಮನದು.

ಅಮ್ಮನಿಗೆ 78. ಕಿವಿ ಬಹಳ ಮಂದ. ಬರೀ ದನಿ ಬರೋ ಫೋನ್ ಅವರಿಗೆ ಪ್ರಯೋಜನವಿಲ್ಲ, ಮುಖ ಕಾಣಬೇಕು, ತುಟಿ ನೋಡಿ ಅರ್ಥ ಮಾಡ್ಕೋತಾರೆ. ಅಕ್ಕ ಇರೋದು ಮೆಲ್ಬರ್ನಿನಲ್ಲಿ. ದಿನಾ ನಮ್ಮ ಮಧ್ಯಾಹ್ನ ಮೂರಕ್ಕೆ, ಅಂದ್ರೆ ಅವಳ ಅಡುಗೆ ಮುಗಿಯೋ ಹೊತ್ತಿಗೆ, ವಿಡಿಯೋ ಕಾಲ್. ಹಾಟ್‌ಸ್ಪಾಟಿನಲ್ಲಿ ಏನಾಗುತ್ತೆ ಗೊತ್ತಲ್ಲ, ಮುಖ ನಿಂತುಬಿಡುತ್ತೆ, ದನಿ ಓಡ್ತಾ ಇರುತ್ತೆ. ನಮಗೆ ಅದೇ ಸಾಕು. ಅಮ್ಮನಿಗೆ ಅದು ಮಗಳು ಬಾಯಿ ಮುಚ್ಚಿಕೊಂಡು ಸುಮ್ಮನೆ ಕೂತ ಹಾಗೆ. ಐದನೇ ದಿನವೋ ಆರನೇ ದಿನವೋ ನನ್ನ ಕೇಳಿದರು, ‘ಅವಳಿಗೆ ನನ್ನ ಮೇಲೆ ಏನಾದ್ರೂ ಬೇಜಾರಾ? ಮಾತೇ ಆಡಲ್ವಲ್ಲ.’

ನೆಟ್ಟು ಸರಿಯಿಲ್ಲ ಅಂತ ಎಷ್ಟು ಹೇಳಿದರೂ ಅರ್ಧ ನಂಬಿದರು. ಕೊನೆಗೆ ಅಕ್ಕನೇ ಒಂದು ದಾರಿ ಮಾಡಿದಳು. ನೋಟ್‌ಬುಕ್ಕಿನಲ್ಲಿ ದಪ್ಪ ಅಕ್ಷರದಲ್ಲಿ ನಾಲ್ಕೈದು ಸಾಲು ಬರೆದು ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸೋದು. ಫೋಟೋ ನಿಧಾನಕ್ಕಾದರೂ ಬರುತ್ತಲ್ಲ. ಅಮ್ಮ ಕನ್ನಡಕ ಹಾಕಿಕೊಂಡು ಎರಡೆರಡು ಸಲ ಓದೋರು. ಈಗ ನೆಟ್ಟು ಬಂದರೂ ಅದು ನಿಂತಿಲ್ಲ, ನಿಲ್ಲಿಸೋಕೆ ಅಮ್ಮ ಬಿಟ್ಟಿಲ್ಲ.

ಹಳೇ ದಿನ ನೆನಪಾಯ್ತು. 2005ರ ಜನವರಿಯಲ್ಲಿ ಬಿಎಸ್ಸೆನ್ನೆಲ್ ಡೇಟಾಒನ್ ಶುರುವಾದಾಗ 256 ಕೆಬಿಪಿಎಸ್ ಅಂದ್ರೇ ಬ್ರಾಡ್‌ಬ್ಯಾಂಡು. (2023ರ ಜನವರಿಯಿಂದ ಕನಿಷ್ಠ 2 ಎಂಬಿಪಿಎಸ್ ಇದ್ದರೇ ಆ ಹೆಸರು.) ಆಗ ನೆಟ್ಟು ಹೋದರೆ ಮನೆಯಲ್ಲಿ ಚಡಪಡಿಸೋನು ನಾನೊಬ್ಬನೇ. ಈಗ ಹಾಗಲ್ಲ. ಮನೆಯಲ್ಲಿ ಯಾರಿಗೆ ಹೊರಗೆ ಹೋಗಿ ಬೇರೆ ದಾರಿ ಹುಡುಕೋಕೆ ಆಗಲ್ಲವೋ, ಏಟು ಬೀಳೋದು ಅವರಿಗೇ.

ಹದಿನೇಳನೇ ದಿನ ಪಕ್ಕದ ಬೀದಿಯ ಕೇಬಲ್‌ನವರು ಬೇರೆ ಕಂಪನಿಯ ಎಳೆ ಎಳೆದುಕೊಟ್ಟರು. ಆಮೇಲೆ ತಿಳಿದಿದ್ದನ್ನೆಲ್ಲ, ಮನೆ ಬದಲಿಸೋರಿಗೆ ಉಪಯೋಗವಾಗಲಿ ಅಂತ ಬರೀತಾ ಇದ್ದೀನಿ.

ಅಡ್ವಾನ್ಸ್ ಕೊಡೋ ಮೊದಲೇ ಮೇಲಿನ ಮನೆಯವರನ್ನೋ ಪಕ್ಕದವರನ್ನೋ ಕೇಳಿ, ಯಾರ ನೆಟ್ಟು, ಕೆಟ್ಟರೆ ಎಷ್ಟು ದಿನಕ್ಕೆ ಬರ್ತಾರೆ ಅಂತ. ಅಪಾರ್ಟ್‌ಮೆಂಟಾದರೆ ಯಾವ ಯಾವ ಕಂಪನಿಗೆ ಒಳಗೆ ಬಿಡ್ತಾರೆ ಅಂತ ಕೇಳಿ, ಕೆಲವು ಕಡೆ ಒಂದೋ ಎರಡೋ ಮಾತ್ರ. ಡಿಜಿಟಲ್ ಸಂಪರ್ಕ ಹೇಗಿದೆ ಅಂತ ಕಟ್ಟಡಗಳಿಗೆ ರೇಟಿಂಗ್ ಕೊಡೋ ನಿಯಮವನ್ನು ಟ್ರಾಯ್ 2024ರಲ್ಲಿ ತಂದಿದೆ. ನಮ್ಮಂಥ ಬಾಡಿಗೆ ಮನೆಗೆ ಪಕ್ಕದ ಮನೆಯವರೇ ರೇಟಿಂಗು.

ಕಂಪನಿಯವರ ಹೂಂ ಸಾಲದು. ಒಬ್ಬ ಮನುಷ್ಯ ಬಂದು ಪೆಟ್ಟಿಗೆ ತೆಗೆದು ನೋಡಿ ‘ಜಾಗ ಇದೆ’ ಅನ್ನಲಿ. ಶಿಫ್ಟಿಂಗಿಗೆ ಎಷ್ಟು, ಹೊಸದಾಗಿ ತಗೊಂಡರೆ ಎಷ್ಟು ಅಂತ ಎರಡನ್ನೂ ಕೇಳಿ. ಎಷ್ಟೋ ಸಲ ಹೊಸದೇ ಅಗ್ಗ. ಮನೆ ಬದಲಿಸೋ ಯೋಚನೆ ಇದ್ದರೆ ವರ್ಷದ ದುಡ್ಡು ಒಟ್ಟಿಗೆ ಕಟ್ಟಬೇಡಿ, ತಿಂಗಳ ಪ್ಲಾನೇ ಕ್ಷೇಮ.

ಹಳೇ ಕನೆಕ್ಷನ್ ಮುಚ್ಚುವಾಗ ಬರವಣಿಗೆಯಲ್ಲಿ ಹೇಳಿ. ದೂರು ಕೊಟ್ಟರೆ ಡಾಕೆಟ್ ನಂಬರ್ ಕೊಡಬೇಕು ಅಂತ ಟ್ರಾಯ್‌ನ 2012ರ ನಿಯಮವಿದೆ. ಉತ್ತರ ಸರಿಯೆನಿಸದಿದ್ದರೆ ಆ ಕಂಪನಿಯದೇ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ನಮ್ಮ ಶಿಫ್ಟಿಂಗ್ ದುಡ್ಡು ವಾಪಸ್ ಬಂದಿದ್ದು ಆ ಮಾತು ಎತ್ತಿದ ಮೇಲೇ. ಪೆಟ್ಟಿಗೆ ಹಿಂದಿರುಗಿಸುವಾಗ ಅದರ ಸೀರಿಯಲ್ ನಂಬರಿನ ಫೋಟೋ ತೆಗೆದುಕೊಳ್ಳಿ, ರಸೀದಿ ಬಿಡಬೇಡಿ. ಕೊಡೋ ಹೊತ್ತಿಗೆ ಹಿಂದಿನ ಸಣ್ಣ ತೂತಿಗೆ ಪಿನ್ ಒತ್ತಿ ಫ್ಯಾಕ್ಟರಿ ರೀಸೆಟ್ ಮಾಡಿ, ನಿಮ್ಮ ವೈಫೈ ಪಾಸ್‌ವರ್ಡ್ ಬೇರೆಯವರ ಮನೆಗೆ ಹೋಗೋದು ಬೇಡ. ಮುಂಚೆಯೇ ಒತ್ತಿದರೆ ಲಾಗಿನ್ನೂ ಅಳಿಸಿ ನೆಟ್ಟು ನಿಂತೀತು.

ಹೊಸ ಮನೆಯ ವೈಫೈಗೆ ಹಳೇ ಹೆಸರು, ಹಳೇ ಪಾಸ್‌ವರ್ಡನ್ನೇ ಇಡಿ. ಟೀವಿ, ಫೋನು ಎಲ್ಲಾ ತಾವಾಗೇ ಸೇರಿಕೊಳ್ಳುತ್ತವೆ. ಪೆಟ್ಟಿಗೆ ಮನೆಯ ಮಧ್ಯಕ್ಕಿರಲಿ, 5 ಗಿಗಾಹರ್ಟ್ಸ್ ವೈಫೈ ವೇಗ ಜಾಸ್ತಿ, ಆದರೆ ಗೋಡೆ ದಾಟೋಕೆ ಒದ್ದಾಡುತ್ತೆ. ಆ ತೆಳ್ಳನೆ ಎಳೆಯೊಳಗೆ ಇರೋದು ಗಾಜು, ಬೀರು ಹಿಂದೆ ಮಡಚಿ ತುರುಕಬೇಡಿ. ಎಲ್‌ಓಎಸ್ ಅನ್ನೋ ಕಡೆ ಕೆಂಪು ದೀಪ ಹತ್ತಿದರೆ ಪೆಟ್ಟಿಗೆಗೆ ಬೆಳಕೇ ತಲುಪುತ್ತಿಲ್ಲ ಅಂತ. ಹತ್ತು ಸಲ ಆನ್ ಆಫ್ ಮಾಡೋ ಬದಲು ಫೋನ್ ಮಾಡಿ.

ಆಗೋದಾದರೆ ಹೊಸದು ಬಂದು ನಾಲ್ಕು ದಿನ ಓಡಿದ ಮೇಲೇ ಮನೆಮಂದಿಯನ್ನು ಕರಕೊಂಡು ಹೋಗಿ. ನೀರು, ಕರೆಂಟು ನೋಡ್ತೀವಲ್ಲ, ಹಾಗೇ ಇದೂ.

ನಿಮ್ಮ ಕಡೆ ಹೇಗೆ? ಎಷ್ಟು ‘ನಾಳೆ’ ಆಯ್ತು? ಹೇಳಿ. ನಾನು ಹೊರಟೆ, ಮೂರು ಗಂಟೆ ಆಯ್ತು, ಅಮ್ಮ ಕರೀತಾ ಇದ್ದಾರೆ.