ವಿಷಮಜ್ವರವೂ ಒಂದು ತೊಟ್ಟು ರಕ್ತವೂ

ಜ್ವರವು ರೋಗಗಳಿಗೆಲ್ಲ ರಾಜನೆಂದು ನಮ್ಮ ಪ್ರಾಚೀನ ವೈದ್ಯರು ಎಣಿಸಿದರು. ನಾನು ಪಾಠಶಾಲೆಯಲ್ಲಿ ತರ್ಕವನ್ನು ಓದುತ್ತಿದ್ದ ಕಾಲದಲ್ಲಿ ಆಯುರ್ವೇದದ ಸಹಪಾಠಿಗಳು ಮಾಧವನಿದಾನವನ್ನು ಉರುಹೊಡೆಯುವುದು ಪಕ್ಕದ ಜಗುಲಿಯಿಂದ ಕೇಳಿಸುತ್ತಿತ್ತು. ಸಂತತ, ಸತತ, ಅನ್ಯೇದ್ಯುಷ್ಕ, ತೃತೀಯಕ, ಚತುರ್ಥಕವೆಂದು ವಿಷಮಜ್ವರಕ್ಕೆ ಐದು ಭೇದಗಳು. ತೃತೀಯಕವೆಂದರೆ ಬಂದ ದಿನವನ್ನೂ ಸೇರಿಸಿ ಎಣಿಸಿದರೆ ಮೂರನೆಯ ದಿನ ಮರಳುವುದು. ಆಡುಮಾತಿನಲ್ಲಿ ದಿನ ಬಿಟ್ಟು ದಿನದ ಚಳಿಜ್ವರ. ವೈವಾಕ್ಸ್ ಎಂಬ ಪರೋಪಜೀವಿಯಿಂದಾಗುವ ಮಲೇರಿಯಾಕ್ಕೆ ಇಂದಿನವರು ಹೇಳುವ ೪೮ ಗಂಟೆಗಳ ಅವಧಿಯೂ ಇದೇ. ಲಾವೆರಾನನು ರಕ್ತದಲ್ಲಿ ಆ ಜೀವಿಯನ್ನು ಕಂಡದ್ದು ೧೮೮೦ರಲ್ಲಿ. ರಾಸನು ಸಿಕಂದರಾಬಾದಿನಲ್ಲಿ ಅದನ್ನು ಸೊಳ್ಳೆಯ ಹೊಟ್ಟೆಯಲ್ಲಿ ಕಂಡದ್ದು ೧೮೯೭ರಲ್ಲಿ. ಕಾರಣವನ್ನು ಕಾಣದೆಯೇ ಕಾಲವನ್ನು ಅಷ್ಟು ಸರಿಯಾಗಿ ಗುರುತಿಸಿದವರ ಸೂಕ್ಷ್ಮದೃಷ್ಟಿಗೆ ತಲೆಬಾಗಬೇಕು. ಆದರೆ ಸರದಿಯನ್ನು ಎಣಿಸುತ್ತ ಕುಳಿತುಕೊಳ್ಳಲು ಎಲ್ಲ ಬಗೆಯ ಮಲೇರಿಯಾವೂ ಅವಕಾಶ ಕೊಡುವುದಿಲ್ಲ. ಫಾಲ್ಸಿಪಾರಂ ಎಂಬುದು ಕೆಲವೇ ದಿನಗಳಲ್ಲಿ ಮಿದುಳಿಗೇರಿ ಪ್ರಾಣವನ್ನು ತೆಗೆಯಬಲ್ಲುದು.

ನನ್ನ ಊರು ಶಿವಮೊಗ್ಗೆಯ ಕಡೆಯ ಮಲೆನಾಡು. ಬಯಲುಸೀಮೆಯವರು ಈ ಕಡೆಗೆ ಹೆಣ್ಣು ಕೊಡಲು ಹಿಂಜರಿಯುತ್ತಿದ್ದರೆಂದೂ, ಜ್ವರಗಡ್ಡೆಯಿಂದ ಹೊಟ್ಟೆ ಉಬ್ಬಿದ ಮಕ್ಕಳು ಮನೆಮನೆಯಲ್ಲಿಯೂ ಇದ್ದರೆಂದೂ ನಮ್ಮ ಅಜ್ಜಿ ಹೇಳುತ್ತಿದ್ದರು. ೧೯೪೭ರ ಸುಮಾರಿಗೆ ದೇಶದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಜನರಿಗೆ ಮಲೇರಿಯಾ ಬರುತ್ತಿತ್ತೆಂದೂ ಎಂಟು ಲಕ್ಷ ಜನರು ಸಾಯುತ್ತಿದ್ದರೆಂದೂ ಅಂದಾಜು. ೧೯೫೩ರಲ್ಲಿ ಡಿ.ಡಿ.ಟಿ. ಸಿಂಪಡಿಸುವ ರಾಷ್ಟ್ರೀಯ ಕಾರ್ಯಕ್ರಮವು ಮೊದಲಾಯಿತು, ಮುಂದಿನ ದಶಕದ ನಡುವೆ ರೋಗಿಗಳ ಸಂಖ್ಯೆ ಲಕ್ಷದ ಆಸುಪಾಸಿಗೆ ಇಳಿಯಿತು, ಎಲ್ಲರೂ ನಿಶ್ಚಿಂತರಾದರು, ೧೯೭೬ರಲ್ಲಿ ಅದೇ ಸಂಖ್ಯೆ ೬೪ ಲಕ್ಷಕ್ಕೆ ಏರಿತು.

ಆ ಏರಿಕೆಯ ವರ್ಷಗಳೇ ನನ್ನ ಬಾಲ್ಯ. ಹದಿನೈದು ದಿನಕ್ಕೊಮ್ಮೆ ಮಲೇರಿಯಾದವನು ಬಂದು, ಜ್ವರವಿದ್ದವರ ಬೆರಳನ್ನು ಚುಚ್ಚಿ, ಗಾಜಿನ ಚೂರಿನ ಮೇಲೆ ರಕ್ತವನ್ನು ಸವರಿ, ಕ್ಲೋರೋಕ್ವಿನ್ ಮಾತ್ರೆಗಳನ್ನು ನುಂಗಿಸಿ, ಗೋಡೆಯ ಮೇಲೆ ತಾರೀಖನ್ನು ಬರೆದು ಹೋಗುತ್ತಿದ್ದನು. ಆ ಗಾಜು ಪಟ್ಟಣವನ್ನು ಸೇರಿ, ಸೂಕ್ಷ್ಮದರ್ಶಕದ ಕೆಳಗೆ ಕುಳಿತು, ಉತ್ತರವಾಗಿ ಹಿಂದಿರುಗುವಷ್ಟರಲ್ಲಿ ಹುಡುಗನು ಗುಣಹೊಂದಿ ಶಾಲೆಗೆ ಹೋಗುತ್ತಿರುವನು, ಇಲ್ಲವೆ ಊರೆಲ್ಲಕ್ಕೂ ಹಂಚಿರುವನು. ಮಾತ್ರೆ ಮೊದಲು, ನಿಶ್ಚಯ ಆಮೇಲೆ. ಅಂದಿನ ಕ್ರಮವು ಹಾಗಿತ್ತು.

ಈಗ ನಮ್ಮ ಆಶಾ ಕಾರ್ಯಕರ್ತೆಯ ಕೈಚೀಲದಲ್ಲಿಯೇ ನಿಶ್ಚಯವಿರುತ್ತದೆ. ಬೆರಳಗಲದ ಒಂದು ಪಟ್ಟಿ. ಅದರ ಒಂದು ಕುಳಿಯಲ್ಲಿ ೫ ಮೈಕ್ರೋಲೀಟರಿನಷ್ಟು ರಕ್ತ, ಎಂದರೆ ಒಂದು ಹನಿಯ ಅಲ್ಪಾಂಶ. ಇನ್ನೊಂದರಲ್ಲಿ ದ್ರಾವಣದ ಕೆಲವು ತೊಟ್ಟು. ೧೫–೨೦ ನಿಮಿಷಗಳಲ್ಲಿ ಗೆರೆ ಮೂಡುತ್ತದೆ. ಒಂದು ಗೆರೆ ಪಟ್ಟಿಯು ಸರಿಯಾಗಿದೆಯೆಂಬುದಕ್ಕೆ. ಅದು ಮೂಡದಿದ್ದರೆ ಪರೀಕ್ಷೆಯೇ ಅಸಿಂಧು. ಮತ್ತೊಂದು ಫಾಲ್ಸಿಪಾರಮ್ಮಿಗೆ, ಇನ್ನೊಂದು ವೈವಾಕ್ಸಿಗೆ. ಇವೆರಡನ್ನೂ ಬೇರ್ಪಡಿಸಿ ತೋರಿಸುವ ಪಟ್ಟಿಯು ನಮ್ಮ ಸರಕಾರದ ಕಾರ್ಯಕ್ರಮಕ್ಕೆ ಬಂದದ್ದು ೨೦೧೩ರಲ್ಲಿ. ಭೇದವು ಬರಿಯ ಹೆಸರಿನದಲ್ಲ. ವೈವಾಕ್ಸ್ ಯಕೃತ್ತಿನಲ್ಲಿ ಅಡಗಿ ತಿಂಗಳುಗಳ ಮೇಲೆ ಮರಳುವುದರಿಂದ ಅದಕ್ಕೆ ಹದಿನಾಲ್ಕು ದಿನ ಪ್ರಿಮಾಕ್ವಿನ್ ಬೇಕು; ಫಾಲ್ಸಿಪಾರಮ್ಮಿನ ಔಷಧವೇ ಬೇರೆ.

ಈಚೆಗೆ ಸುಶಿಕ್ಷಿತರ ಮನೆಗಳಲ್ಲಿಯೇ ಒಂದು ಮಾತು ಕೇಳಿಬರುತ್ತಿದೆ: “ನಮ್ಮಲ್ಲಿ ಮಲೇರಿಯಾವೇ ಇಲ್ಲವಲ್ಲ, ಜ್ವರ ಬಂದವರನ್ನೆಲ್ಲ ಚುಚ್ಚುವುದೇಕೆ?” ಮಾತು ಮೇಲ್ನೋಟಕ್ಕೆ ಸರಿಯೇ. ೨೦೨೩ರಲ್ಲಿ ಇಡೀ ದೇಶದಲ್ಲಿ ದಾಖಲಾದವು ಸುಮಾರು ೨ ಲಕ್ಷ ೨೭ ಸಾವಿರ ಮಾತ್ರ. ಇಲ್ಲಿ ನನ್ನ ಹಳೆಯ ವಿದ್ಯೆಯು ನನ್ನನ್ನು ಸುಮ್ಮನಿರಗೊಡುವುದಿಲ್ಲ. “ಜ್ವರವಿದೆ, ಆದ್ದರಿಂದ ಮಲೇರಿಯಾ” ಎಂಬುದು ವ್ಯಭಿಚಾರವುಳ್ಳ ಹೇತುವೆಂದು ತರ್ಕದ ಮೊದಲ ಪಾಠವನ್ನು ಓದಿದವನೂ ಹೇಳಿಯಾನು. ೧೯೫೭ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಗುರುತಿಸಲ್ಪಟ್ಟ ಮಂಗನಕಾಯಿಲೆ, ಡೆಂಗಿ, ಇಲಿಜ್ವರ ಇವೆಲ್ಲವೂ ಮೈಯನ್ನು ಹೀಗೆಯೇ ಸುಡುತ್ತವೆ. ಆದರೆ “ಕಾಣಲಿಲ್ಲ, ಆದ್ದರಿಂದ ಇಲ್ಲ” ಎನ್ನಬೇಕಾದರೂ ನಿಯಮವುಂಟು. ಮೀಮಾಂಸಕರು ಅನುಪಲಬ್ಧಿಯನ್ನು ಪ್ರಮಾಣವೆಂದು ಒಪ್ಪುವಾಗ ಯೋಗ್ಯತೆಯನ್ನು ಕೇಳುತ್ತಾರೆ. ಬೆಳಕಿರುವ ಕೋಣೆಯಲ್ಲಿ ನೋಡಿ ಗಡಿಗೆ ಕಾಣದಿದ್ದರೆ ಗಡಿಗೆಯಿಲ್ಲ. ಕತ್ತಲೆಯಲ್ಲಿ ಕಾಣದಿದ್ದರೆ ಏನನ್ನೂ ಹೇಳುವಂತಿಲ್ಲ. ಪರೀಕ್ಷೆಯನ್ನೇ ಮಾಡದೆ ರೋಗಿಗಳಿಲ್ಲವೆನ್ನುವ ಊರು ಕತ್ತಲೆಯ ಕೋಣೆ. ಒಂದು ದೇಶವು ಮಲೇರಿಯಾಮುಕ್ತವೆಂಬ ಮನ್ನಣೆಗೆ ಮೂರು ವರ್ಷ ಸತತವಾಗಿ ಸ್ಥಳೀಯ ರೋಗಿ ಒಬ್ಬನೂ ಇಲ್ಲವೆಂದು ತೋರಿಸಬೇಕಷ್ಟೆ. ಅದನ್ನು ತೋರಿಸುವುದು ಈ ಪಟ್ಟಿಗಳಿಂದಲೂ ಗಾಜುಗಳಿಂದಲೂ. ಸಿಂಹಳದ ಕಥೆಯನ್ನು ನೋಡಿರಿ: ೧೯೬೩ರಲ್ಲಿ ಆ ದ್ವೀಪದಲ್ಲಿ ಉಳಿದಿದ್ದ ರೋಗಿಗಳು ಕೇವಲ ೧೭, ನಿಗಾ ಸಡಿಲವಾಯಿತು, ಆ ದಶಕವು ಕಳೆಯುವುದರೊಳಗೆ ಲಕ್ಷಗಟ್ಟಲೆ. ಮನ್ನಣೆಯು ದೊರೆತದ್ದು ೨೦೧೬ರಲ್ಲಿ.

ಪಟ್ಟಿಯನ್ನೂ ಕುರುಡಾಗಿ ನಂಬತಕ್ಕದ್ದಲ್ಲ. ರೋಗವು ವಿರಳವಾದಷ್ಟೂ ಹುಸಿಗೆರೆಯ ಭಯವು ಹೆಚ್ಚು. ಲೆಕ್ಕದ ಮೇಷ್ಟರಂತೆ ಒಂದು ಕಲ್ಪಿತ ಉದಾಹರಣೆಯನ್ನು ಕೊಡುವೆನು. ಸಾವಿರ ಜ್ವರಗಳಲ್ಲಿ ಮಲೇರಿಯಾ ಒಂದೇ ಇರಲಿ. ಪಟ್ಟಿಯು ರೋಗವಿಲ್ಲದವರಲ್ಲಿ ನೂರಕ್ಕೊಂದು ಸಲ ಮಾತ್ರ ತಪ್ಪಲಿ. ಆಗ ಗೆರೆ ಮೂಡುವವರು ಹನ್ನೊಂದು ಮಂದಿ. ಅವರಲ್ಲಿ ನಿಜವಾದ ರೋಗಿ ಒಬ್ಬನು! ಗುಣವಾಗಿ ಕೆಲವು ವಾರಗಳಾದರೂ ಫಾಲ್ಸಿಪಾರಮ್ಮಿನ ಗೆರೆಯು ಮೂಡುತ್ತಲೇ ಇರುವುದೂ ಉಂಟು. ಇನ್ನು, ಪರೋಪಜೀವಿಗಳು ಬಹಳ ಕಡಿಮೆಯಿರುವಾಗ ಇದ್ದ ರೋಗವೂ ಕಾಣದು. ಪಟ್ಟಿಯು ಹುಡುಕುವ ಪದಾರ್ಥವನ್ನೇ ತಯಾರಿಸದ ಫಾಲ್ಸಿಪಾರಂ ಪೆರು, ಎರಿಟ್ರಿಯ ಮುಂತಾದ ಕಡೆಗಳಲ್ಲಿ ಕಂಡುಬಂದಿದೆ. ಆದುದರಿಂದ ಗೆರೆ ಕಂಡರೆ ಔಷಧವನ್ನು ತಡಮಾಡದೆ ಕೊಟ್ಟು, ಜೊತೆಗೆ ಗಾಜನ್ನೂ ಕಳುಹಿಸುವುದು ಲೇಸು. ಕಾಣದೆ ಜ್ವರವು ಬಿಡದಿದ್ದರೆ ಮತ್ತೊಮ್ಮೆ ಚುಚ್ಚುವುದು ಲೇಸು.

ಕಳೆದ ಶ್ರಾವಣದಲ್ಲಿ ನೆರೆಯ ಅಡಕೆತೋಟಕ್ಕೆ ಒಡಿಶಾದಿಂದ ಕೂಲಿಗೆ ಬಂದಿದ್ದ ಹುಡುಗನೊಬ್ಬನಿಗೆ ನಡುಕ ಹತ್ತಿತು. ಪಟ್ಟಣದ ಒಂದು ದವಾಖಾನೆಯವರು ರಕ್ತವನ್ನು ನೋಡದೆಯೇ ಸೂಜಿಮದ್ದು ಕೊಟ್ಟು, ಮಳೆಯಲ್ಲಿ ನೆನೆದದ್ದೆಂದು ಹೇಳಿ ಕಳುಹಿಸಿದರು. ಮೂರನೆಯ ದಿನ ಆಶಾ ಕಾರ್ಯಕರ್ತೆಗೆ ಸುದ್ದಿ ಮುಟ್ಟಿತು. ಆಕೆ ತೋಟದ ಮನೆಯ ಕಟ್ಟೆಯ ಮೇಲೆ ಕುಳಿತು, ಗಡಿಯಾರವನ್ನು ನೋಡುತ್ತ ಇಪ್ಪತ್ತು ನಿಮಿಷ ಕಾದು, ಪಟ್ಟಿಯನ್ನು ನನ್ನ ಕಡೆಗೆ ತಿರುಗಿಸಿ, “ಫಾಲ್ಸಿಪಾರಂ ಗೆರೆ, ಮೇಷ್ಟ್ರೇ. ಕನ್ನಡಕ ಹಾಕಿಕೊಂಡು ನೋಡಿ” ಎಂದಳು. ಗೆರೆಯು ಸ್ಪಷ್ಟವಾಗಿತ್ತು. ಗಾಜೂ ಆಮೇಲೆ ಅದನ್ನೇ ಹೇಳಿತು.

ಯಜಮಾನರ ಮುಖವು ಕಪ್ಪಿಟ್ಟಿತು. ಊರಿನ ಹೆಸರು ದಾಖಲೆಗೆ ಹೋಗುವುದೆಂದು ಒಂದು ಅಂಜಿಕೆ. ಉಳಿದ ಕೂಲಿಗಳು ಓಡಿಹೋದಾರೆಂದು ಇನ್ನೊಂದು. “ಇವತ್ತೇ ಬಸ್ಸು ಹತ್ತಿಸಿಬಿಡುತ್ತೇನೆ, ಮೇಷ್ಟ್ರೇ. ಅವರೂರಿನಲ್ಲೇ ಮದ್ದು ಮಾಡಿಸಿಕೊಳ್ಳಲಿ” ಎಂದರು. “ಹುಡುಗ ಬಸ್ಸು ಹತ್ತಿಯಾನು, ರಾಯರೇ. ಅವನ ರಕ್ತ ಕುಡಿದ ಸೊಳ್ಳೆಗೆ ಟಿಕೇಟು ಕೊಡುವವರಾರು?” ಎಂದೆನು. ಅವರಿಗೆ ನಗು ಬರಲಿಲ್ಲ. ಆದರೆ ಬಸ್ಸಿನ ಮಾತನ್ನು ಬಿಟ್ಟರು. ಹುಡುಗನು ಅಲ್ಲಿಯೇ ಉಳಿದು ಮೂರು ದಿನದ ಮಾತ್ರೆಗಳನ್ನೂ, ಸೊಳ್ಳೆಗೆ ದಾಟದಂತೆ ಮಾಡುವ ಪ್ರಿಮಾಕ್ವಿನ್ನನ್ನೂ ಅವರ ಕಣ್ಣೆದುರಿಗೇ ನುಂಗಿದನು. ಆರೋಗ್ಯ ಇಲಾಖೆಯವರು ಬಂದು ಬಿಡಾರದವರೆಲ್ಲರ ರಕ್ತವನ್ನೂ ಅಕ್ಕಪಕ್ಕದ ಮನೆಗಳವರ ರಕ್ತವನ್ನೂ, ನನ್ನದನ್ನೂ, ನೋಡಿದರು. ಯಾರಲ್ಲಿಯೂ ಇರಲಿಲ್ಲ.

ಈ ವರ್ಷ ಹೊಸ ಆಳುಗಳು ಬಂದಿಳಿದ ದಿನವೇ ಯಜಮಾನರು ತಾವಾಗಿ ಆಶಾ ಕಾರ್ಯಕರ್ತೆಗೆ ದೂರವಾಣಿ ಮಾಡಿದರೆಂದು ಕೇಳಿದ್ದೇನೆ. ಜ್ವರದಿಂದ ಮಲಗಿದ್ದ ದಿನಗಳ ಕೂಲಿಯನ್ನು ಆ ಹುಡುಗನಿಗೆ ಕೊಡಬೇಕಾಗಿತ್ತೇ ಇಲ್ಲವೇ ಎಂಬ ವಿಷಯದಲ್ಲಿ ಮಾತ್ರ ಅವರಿಗೂ ನನಗೂ ಇನ್ನೂ ಒಮ್ಮತವಾಗಿಲ್ಲ.