ಗಡಿಯಾಚೆಗೂ ಅದೇ ಬಂದೂಕು

ಗಡಿಯೂರು ಖಜೂರಿ ದಾಟಿ ಉಮರ್ಗಾ ರಸ್ತೆ ಹಿಡಿದರೆ ಮಹಾರಾಷ್ಟ್ರ. ಸೆರೆಯ ದರ ಬದಲಾಗುತ್ತದೆ, ಅಂಗಡಿ ಬೋರ್ಡಿನ ಭಾಷೆಯೂ ಬದಲಾಗುತ್ತದೆ. ಬಂದೂಕಿನ ಕಾಯ್ದೆ ಮಾತ್ರ ಆಚೆಗೂ ಈಚೆಗೂ ಒಂದೇ.

*

ಚಹಾದ ಅಂಗಡಿಯಲ್ಲಿ ಪೇಪರ್ ಓದುತ್ತಿದ್ದ ಹಿರಿಯರು ಕೇಳಿದರು: "ಅಮೆರಿಕಾದಾಗ ಒಂದೊಂದು ರಾಜ್ಯ ಒಂದೊಂದು ಬಂದೂಕಿನ ಕಾನೂನು ಮಾಡ್ತಾವಂತ. ನಮ್ಮ ವಿಧಾನಸೌಧದವರು ಯಾಕ ಮಾಡಂಗಿಲ್ರಿ?" ಮಾಡಲು ಬರುವುದಿಲ್ಲ. ಆಯುಧ, ಮದ್ದುಗುಂಡು, ಸ್ಫೋಟಕಗಳೆಲ್ಲ ಸಂವಿಧಾನದ 7ನೇ ಅನುಸೂಚಿಯಲ್ಲಿ ಕೇಂದ್ರ ಪಟ್ಟಿಗೆ ಸೇರಿವೆ. "ಹಂಗಾದ್ರ ಡಿ.ಸಿ. ಸಾಹೇಬ್ರು ಲೈಸನ್ಸ್ ಹ್ಯಾಂಗ ಕೊಡ್ತಾರ?" ಕೇಂದ್ರದ 1959ರ ಆಯುಧ ಕಾಯ್ದೆಯ ಕೆಳಗೇ ಕೊಡುತ್ತಾರೆ. ಹಿರಿಯರಿಗೆ ಸಮಾಧಾನವಾದಂತೆ ಕಾಣಲಿಲ್ಲ.

*

ಆ ಕಾಯ್ದೆಗೆ 2019ರ ತಿದ್ದುಪಡಿ: ಒಬ್ಬರ ಹತ್ತಿರ ಮೂರು ಬಂದೂಕು ಇರಬಹುದಾಗಿದ್ದದ್ದು ಎರಡಕ್ಕೆ ಇಳಿಯಿತು. ಲೈಸನ್ಸ್ ಅವಧಿ ಮಾತ್ರ 3 ವರ್ಷದಿಂದ 5ಕ್ಕೆ ಏರಿತು. ಒಂದು ಕೈಯಲ್ಲಿ ಬಿಗಿ, ಇನ್ನೊಂದರಲ್ಲಿ ಸಡಿಲು. ಮದುವೆ-ಮೆರವಣಿಗೆಯಲ್ಲಿ ಖುಷಿಗೆಂದು ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. (ನಮ್ಮ ಕಡೆಯ ಮೆರವಣಿಗೆಗೆ ಹಲಗಿ, ಡಿಜೆ ಸಾಕು. ಕಿವಿಗೆ ಅಪಾಯ ಇದ್ದೇ ಇದೆ.)

*

ದೇಶಕ್ಕೆಲ್ಲ ಒಂದೇ ಕಾಯ್ದೆ ಅಂದೆನಲ್ಲ, ಅದೂ ಪೂರ್ತಿ ನಿಜವಲ್ಲ. ಇದೇ ಕರ್ನಾಟಕದ ಕೊಡವರಿಗೆ, ಜಮ್ಮಾ ಎಂಬ ವಂಶಪಾರಂಪರ್ಯದ ಭೂಮಿಯ ಹಿಡುವಳಿದಾರರಿಗೆ ಕೋವಿಗೆ ಲೈಸನ್ಸ್‌ನಿಂದ ವಿನಾಯಿತಿ. ಬ್ರಿಟಿಷರ ಕಾಲದ ಪದ್ಧತಿ, 2029ರ ಅಕ್ಟೋಬರ್‌ವರೆಗೆ ಮುಂದುವರಿದಿದೆ. 2021ರಲ್ಲಿ ಹೈಕೋರ್ಟೂ ಎತ್ತಿಹಿಡಿದಿದೆ. ವಿನಾಯಿತಿ ಕೊಟ್ಟದ್ದೂ ಬೆಂಗಳೂರಲ್ಲ, ದಿಲ್ಲಿ.

*

ತೊಗರಿ ಹೊಲದ ರೈತನ ಲೆಕ್ಕ ನನಗಂತೂ ಬಿಡಿಸಲು ಬಾರದು. ಬೆಳೆ ಕಾಯಲು ನಳಿಗೆಯ ಬಾಯಿಂದ ಮದ್ದು ತುಂಬುವ ಬಂದೂಕಿಗೆ ಲೈಸನ್ಸ್ ಕೊಡಲು 1959ರ ಕಾಯ್ದೆಯಲ್ಲೇ ದಾರಿ ಇದೆ. ಆದರೆ ಬೆಳೆಗೆ ಬೀಳುವ ಹಂದಿ, ಚಿಗರಿ ಎರಡಕ್ಕೂ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹೊಡೆದರೆ ಕೇಸು. ಅಂದಮೇಲೆ ಆ ಬಂದೂಕಿನಿಂದ ಆಗುವುದು ಸಪ್ಪಳ ಒಂದೇ. ಸಪ್ಪಳಕ್ಕೆ ಪಟಾಕಿ ಅಗ್ಗ.

*

ಚುನಾವಣೆ ಬಂದರೆ ಲೈಸನ್ಸ್ ಇದ್ದವರು ಬಂದೂಕನ್ನು ಠಾಣೆಯಲ್ಲಿ ಜಮಾ ಮಾಡಿ ರಸೀದಿ ತರುತ್ತಾರೆ. ಆದರೆ ಕೊಲ್ಲುವ ಬಂದೂಕು ಬೇರೆ: ಧಾರವಾಡದಲ್ಲಿ 2015ರಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿ, ಬೆಂಗಳೂರಿನಲ್ಲಿ 2017ರಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ಕೊಲೆಯಾದರು. ಇಬ್ಬರಿಗೂ ಗುಂಡು ಹಾರಿದ್ದು ಒಂದೇ 7.65 ಎಂ.ಎಂ. ನಾಡ ಪಿಸ್ತೂಲಿನಿಂದ ಎಂದಿತು ವಿಧಿವಿಜ್ಞಾನ ಪ್ರಯೋಗಾಲಯ. ಅಂಥ ಪಿಸ್ತೂಲನ್ನು ಯಾರೂ ಜಮಾ ಮಾಡುವುದಿಲ್ಲ, ರಸೀದಿಯನ್ನೂ ಕೇಳುವುದಿಲ್ಲ. ಅದನ್ನು ಹುಡುಕಬೇಕಾದವರು ಪೊಲೀಸರು, ಪೊಲೀಸ್ ಮಾತ್ರ ರಾಜ್ಯದ ಪಟ್ಟಿಯಲ್ಲಿದೆ. ಕಾಯ್ದೆ ಬರೆಯಲು ಬಾರದ ರಾಜ್ಯಕ್ಕೆ ಗಾಡಿಯ ಡಿಕ್ಕಿ ತೆಗೆಸಿ ನೋಡಲು ಯಾರ ಅಡ್ಡಿಯೂ ಇಲ್ಲ. ಚುನಾವಣೆ ಮುಗಿದ ಮೇಲೆ ಈ ಗಡಿಯಲ್ಲಿ ಎಷ್ಟು ಡಿಕ್ಕಿ ತೆಗೆಸುತ್ತಾರೆಂದು ಶಾಸಕರೊಬ್ಬರು ಸದನದಲ್ಲಿ ಕೇಳಿದರೆ, ಉತ್ತರ ಬರೆದುಕೊಳ್ಳಲು ಈ ಪುಟದಲ್ಲಿ ಜಾಗ ಬಿಟ್ಟಿದ್ದೇನೆ.