ದೇವರ ದುಡ್ಡು ಊರಿಗಾಗುತ್ತಿದ್ದ ಕಾಲ

ದಟ್ಟಗಳ್ಳಿ ಎಂದರೆ ಇವತ್ತಿನವರಿಗೆ ಮೈಸೂರಿನ ಒಂದು ಬಡಾವಣೆ. ನಿವೇಶನಗಳು ಬರುವ ಮುಂಚೆ ಅದು ಹೊಲಗಳ ನಡುವಿನ ಹಳ್ಳಿ. ಮೈಸೂರಿನ ಸುತ್ತ ಇಂಥ ಹಳ್ಳಿಗಳು ಬಡಾವಣೆಗಳಾದದ್ದನ್ನು ಕಣ್ಣಾರೆ ಕಂಡ ನಮ್ಮ ತಲೆಮಾರು ಹೊಲ ಹೋಯಿತು, ಮರ ಹೋಯಿತು ಎಂದು ಕೊರಗುತ್ತದೆ; ಹಬ್ಬದ ದುಡ್ಡಿನ ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ. ಹಬ್ಬಗಳೇನೂ ನಿಂತಿಲ್ಲ, ಚಂದಾ ಎತ್ತುವುದೂ ನಿಂತಿಲ್ಲ. ಹಬ್ಬ ಮುಗಿದ ಮೇಲೆ ಊರಿಗೆಂದು ಏನಾದರೂ ಉಳಿಯುತ್ತಿತ್ತಲ್ಲ, ಅದು ನಿಂತಿದೆ. ಕಳೆದುಕೊಂಡವುಗಳಲ್ಲಿ ನಾವು ಮನಸ್ಸು ಮಾಡಿದರೆ ಮತ್ತೆ ತರಬಹುದಾದದ್ದು ಇದು ಎಂಬುದೇ ನನ್ನ ವಾದ.

ಈ ಸೀಮೆಯ ಹಳ್ಳಿಗಳಲ್ಲಿ ಮಾರಿಹಬ್ಬವೋ ರಾಮನವಮಿಯೋ ಹತ್ತಿರ ಬಂದಾಗ ಯಜಮಾನರು ಕಟ್ಟೆಯ ಮೇಲೆ ಸೇರಿ ಮನೆಗಿಷ್ಟು ಎಂದು ವಂತಿಗೆ ಗೊತ್ತುಮಾಡುತ್ತಿದ್ದರು. ಕೈಯಲ್ಲಿ ಕಾಸಿಲ್ಲದವರು ರಾಗಿಯನ್ನೋ ಭತ್ತವನ್ನೋ ಅಳೆದು ಕೊಡುತ್ತಿದ್ದರು. ಪೂಜೆಯಾದ ಮೇಲೆ ದೇವರ ಹಾರ, ತೆಂಗಿನಕಾಯಿ, ಬಾಳೆಗೊನೆಗಳ ಹರಾಜು. ಗೊನೆ ಪೇಟೆಯ ಬೆಲೆಗಿಂತ ಎಷ್ಟೋ ಪಟ್ಟು ಮೇಲೇರುತ್ತಿದ್ದದ್ದು ಹಣ್ಣಿನ ಆಸೆಗಲ್ಲ, ಹತ್ತು ಜನರ ಎದುರು ಕೂಗಿದ ಮಾತಿನ ಗೌರವಕ್ಕೆ. ಕೂಗಿದವನ ಹೆಸರಿಗೆ ಪುಸ್ತಕದಲ್ಲಿ ಬಾಕಿ ಬರೆದುಕೊಂಡು, ಮುಂದಿನ ಹಬ್ಬದೊಳಗೆ ತೀರಿಸಲು ಬಿಡುತ್ತಿದ್ದರು. ಉಳಿದ ಹಣ ಊರೊಳಗೇ ಬಡ್ಡಿಗೆ ಹೋಗುತ್ತಿತ್ತು. ದೇವರ ದುಡ್ಡೆಂಬ ಭಯಕ್ಕೆ ಮುಳುಗಿಸುವವರು ಕಡಿಮೆ. ಆ ಗಂಟಿನಿಂದಲೇ ಗುಡಿಗೆ ಸುಣ್ಣ, ಅರಳಿಕಟ್ಟೆಗೆ ಗಾರೆ, ಶಾಲೆಗೆ ಹೆಂಚು. ಇವೆಲ್ಲಕ್ಕಿಂತ ದೊಡ್ಡ ಆಸ್ತಿ, ನನ್ನ ದೃಷ್ಟಿಯಲ್ಲಿ, ಪಾತ್ರೆಗಳು. ನೂರಾರು ಜನಕ್ಕೆ ಅಡುಗೆಯಾಗುವ ಹಂಡೆ, ಕೊಪ್ಪರಿಗೆ, ಉದ್ದ ಹಿಡಿಯ ಸೌಟು; ಕಂಠದ ಮೇಲೆ ದೇವರ ಹೆಸರು ಕೊರೆಸಿರುತ್ತಿತ್ತು. ಮದುವೆಗೂ ತಿಥಿಗೂ ಸಣ್ಣ ಬಾಡಿಗೆಗೆ ಒಯ್ಯಬಹುದು, ನೆಗ್ಗಿದರೆ ತಟ್ಟಿಸಿ ಕೊಡಬೇಕು. ಬಾಡಿಗೆ ಮತ್ತೆ ಗಂಟಿಗೇ ಸೇರುತ್ತಿತ್ತು.

ಕಂದಾಯ ಕಟ್ಟುವ ನಾವು ಮತ್ತೆ ಚಂದಾ ಏಕೆ ಕೊಡಬೇಕು ಎಂದು ಬಡಾವಣೆಯವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಮೈಸೂರನ್ನು ಬೆಳೆಸಲೆಂದೇ 1903ರಲ್ಲಿ ಮಂಡಳಿಯೊಂದು ಹುಟ್ಟಿತು, 1988ರಲ್ಲಿ ಅದರ ಜಾಗಕ್ಕೆ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ (ಮುಡಾ) ಬಂತು, ಪಾಲಿಕೆಯಂತೂ ಇದ್ದೇ ಇದೆ. ರಸ್ತೆ, ಚರಂಡಿ, ಬೀದಿದೀಪಕ್ಕೆ ದೇವರ ಹೆಸರಲ್ಲಿ ದುಡ್ಡೆತ್ತಿದರೆ ಕಚೇರಿಗಳ ಹೊಣೆಯನ್ನು ನಾವೇ ಮನ್ನಾ ಮಾಡಿದಂತೆ. ಆದರೆ ಯಾವ ಕಚೇರಿಯೂ ಮಾಡದ ಕೆಲಸಗಳಿವೆ. ಸೊಂಟ ಮುರಿದುಕೊಂಡ ಅಜ್ಜಿಗೆ ಮೂರು ತಿಂಗಳ ಮಟ್ಟಿಗೆ ಗಾಲಿಕುರ್ಚಿ ಬೇಕು, ಆಸ್ಪತ್ರೆಯ ಮಂಚ ಬೇಕು. ಸಾವಿನ ಮನೆಯಲ್ಲಿ, ದೂರದ ಮಕ್ಕಳು ಬರುವವರೆಗೆ, ಫ್ರೀಜರ್ ಪೆಟ್ಟಿಗೆ ಬೇಕು. ಇವು ಈ ಕಾಲದ ಹಂಡೆ ಕೊಪ್ಪರಿಗೆಗಳು. ಗಣಪತಿ ಕೂರಿಸುವಾಗ ಶಾಮಿಯಾನ, ಫ್ಲೆಕ್ಸ್, ಆರ್ಕೆಸ್ಟ್ರಾಗಳಿಗೆ ಕರಗುವ ಹಣದಲ್ಲಿ ಒಂದು ಪಾಲು ಇವಕ್ಕೆ ಸಾಕು.

ಹಳೆಯ ವ್ಯವಸ್ಥೆಯನ್ನು ಹೊಗಳುವಾಗ ಅದರ ಅನ್ಯಾಯ ಮರೆಯಬಾರದೆಂಬ ಆಕ್ಷೇಪ ಇದಕ್ಕಿಂತ ತೂಕದ್ದು. ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿದ್ದು ಬರೆದದ್ದನ್ನು ಓದಿದವರಿಗೆ ಊರಿನ ಯಜಮಾನಿಕೆ ಯಾರ ಕೈಯಲ್ಲಿತ್ತೆಂದು ಗೊತ್ತು. ದಲಿತರ ಕೇರಿಯವರು ಹಬ್ಬಕ್ಕೆ ದುಡಿದರೂ ಕಟ್ಟೆಯ ಮೇಲೆ ಅವರಿಗೆ ಜಾಗವಿರಲಿಲ್ಲ. ಇದನ್ನು ಸಮರ್ಥಿಸಲು ಯಾವ ಮಾತೂ ಇಲ್ಲ. ಆದರೆ ಆ ತಪ್ಪು ಕಟ್ಟೆಯ ಮೇಲೆ ಕೂತವರದು, ದುಡ್ಡು ಕೂಡಿಸಿದ ಕ್ರಮದ್ದಲ್ಲ. 1934ರ ಜನವರಿಯಲ್ಲಿ ಹರಿಜನ ನಿಧಿಗಾಗಿ ಮೈಸೂರು ಸಂಸ್ಥಾನಕ್ಕೂ ಬಂದ ಗಾಂಧೀಜಿ ಆ ಪ್ರವಾಸದಲ್ಲಿ ತಮಗೆ ಬಂದ ಕಾಣಿಕೆಗಳನ್ನು ಸಭೆಯಲ್ಲೇ ಹರಾಜು ಹಾಕುತ್ತಿದ್ದರು. ನಮ್ಮ ಗುಡಿ ಮುಂದಿನ ಕ್ರಮವೇ ಅಲ್ಲಿ ಅಸ್ಪೃಶ್ಯತೆಯ ವಿರುದ್ಧ ದುಡಿಯಿತು. ಬಡಾವಣೆಯಲ್ಲಿ ಯಜಮಾನರಿಲ್ಲ; ಬಾಡಿಗೆ ಮನೆಯವರನ್ನೂ ಹಳೇ ಊರಿನ ಎಲ್ಲ ಕೇರಿಯವರನ್ನೂ ಸಮನಾಗಿ ಕೂರಿಸಿಕೊಳ್ಳಲು ಈಗ ಅಡ್ಡಿಯೂ ಇಲ್ಲ.

ದಟ್ಟಗಳ್ಳಿಯ ಹಬ್ಬದ ಸಮಿತಿಗಳಲ್ಲಿ ನನ್ನ ಕೋರಿಕೆ ಇಷ್ಟು: ಮುಂದಿನ ಗಣಪತಿ ಹಬ್ಬಕ್ಕೆ ರಸೀದಿ ಪುಸ್ತಕ ಅಚ್ಚು ಹಾಕಿಸುವ ಮುಂಚೆ ಉಳಿಕೆ ಹಣದಲ್ಲಿ ಕೊಳ್ಳುವ ವಸ್ತು ಯಾವುದೆಂದು ತೀರ್ಮಾನಿಸಿ, ರಸೀದಿಯ ಮೇಲೇ ಅದನ್ನು ಬರೆಯಿರಿ, ವಿಸರ್ಜನೆಯಾದ ವಾರದೊಳಗೆ ಲೆಕ್ಕವನ್ನು ಎಲ್ಲರೆದುರು ಓದಿ.